ಸೆಕೆಂಡ್ ಹ್ಯಾಂಡ್ ಕಾರು ಮನೆಗೆ ಬಂತು, ಮುಂದೇನು?

ಹಳೆ ಕಾರು ಕೊಂಡವರಲ್ಲಿ ಬಹಳ ಜನ ಮೊದಲು ಓಡುವುದು ಸೀಟ್ ಕವರ್ ಅಂಗಡಿಗೆ. ಆಮೇಲೆ ದೊಡ್ಡ ಸ್ಕ್ರೀನಿನ ಸ್ಟೀರಿಯೋ, ಅದಾದ ಮೇಲೆ ಡ್ಯಾಶ್‌ಬೋರ್ಡಿಗೆ ಪರಿಮಳದ ಬಾಟಲಿ. ನಾನು ಇದುವರೆಗೆ ಹೊಸ ಕಾರು ಕೊಂಡವಳಲ್ಲ. ನನ್ನವೆಲ್ಲ ಬೇರೆಯವರು ಓಡಿಸಿ ಬಿಟ್ಟ ಕಾರುಗಳೇ. ತಮ್ಮ, ಗೆಳತಿ, ಆಫೀಸಿನವರು ಯಾರೇ ಹಳೆ ಕಾರು ತಂದರೂ ಬಾನೆಟ್ ಎತ್ತಿ ನೋಡೋಕೆ ನನ್ನನ್ನೇ ಕರೆಯುತ್ತಾರೆ. ಅವರಿಗೆಲ್ಲ ನಾನು ಹೇಳುವುದು ಒಂದೇ ಮಾತು. ಅಲಂಕಾರ ಆಮೇಲಿರಲಿ, ಈ ಕಾರಿನ ಲೆಕ್ಕ ಎಲ್ಲಿಂದ ಶುರು ಅಂತ ಮೊದಲು ಗೊತ್ತುಮಾಡಿಕೊಳ್ಳಿ.

ಎಂಜಿನ್ ಆಯಿಲ್ ಹಾಕಿ ಎಷ್ಟು ದಿನ ಆಯ್ತು? ಟೈರ್ ಯಾವ ವರ್ಷದ್ದು? ಬೆಲ್ಟ್ ಯಾವತ್ತಾದರೂ ಬದಲಾಗಿದೆಯಾ? ಮಾರಿದವರನ್ನು ಕೇಳಿದರೆ "ಮೊನ್ನೆ ತಾನೇ ಸರ್ವಿಸ್ ಆಗಿದೆ" ಅನ್ನುತ್ತಾರೆ. ಸುಳ್ಳು ಅಂತಲ್ಲ, ಆದರೆ ಕಾರಿನ ವಿಷಯದಲ್ಲಿ ಮೊನ್ನೆ ಅನ್ನುವುದು ಕಳೆದ ವರ್ಷವೂ ಆಗಿರಬಹುದು. ಬಿಲ್ ಇದ್ದರೆ ನಂಬಿ. ಬಿಲ್ ಇಲ್ಲದ ಕೆಲಸ ಆಗಿಯೇ ಇಲ್ಲ ಅಂತ ಇಟ್ಟುಕೊಳ್ಳಿ.

ಮೊದಲು ಕೂತು ನೋಡುವ ಕೆಲಸ

ಕಾರನ್ನು ನೆರಳಲ್ಲಿ ನಿಲ್ಲಿಸಿ, ಡ್ರೈವರ್ ಸೀಟಲ್ಲಿ ಕೂತು ಮ್ಯಾನ್ಯುಯಲ್ ತೆಗೆಯಿರಿ. ಗ್ಲವ್ ಬಾಕ್ಸಿನಲ್ಲಿ ಇಲ್ಲದಿದ್ದರೆ ಸಾಮಾನ್ಯವಾಗಿ ಕಂಪನಿಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ನಿಮ್ಮ ಕಾರು ತಯಾರಾದ ವರ್ಷದ್ದೇ ಬೇಕು. ಅದೇ ಹೆಸರಿನ ಮುಂದಿನ ಮಾಡೆಲ್ಲಿಗೆ ಆಯಿಲ್ಲೂ ಬೇರೆ, ಫ್ಯೂಸೂ ಬೇರೆ ಇರಬಹುದು. ಪೂರ್ತಿ ಓದುವ ತಾಳ್ಮೆ ನನಗೂ ಇಲ್ಲ. ಯಾವ ಆಯಿಲ್ ಎಷ್ಟು ಲೀಟರ್ ಅನ್ನುವ ಪುಟ, ಫ್ಯೂಸ್ ಬಾಕ್ಸಿನ ಪುಟ, ಯಾವಾಗ ಏನು ಬದಲಾಯಿಸಬೇಕು ಅನ್ನುವ ಪುಟ, ಇಷ್ಟಕ್ಕೆ ಗುರುತು ಹಾಕಿಡಿ ಸಾಕು.

ಈಗ ಕೀ ಆನ್ ಮಾಡಿ, ಆದರೆ ಸ್ಟಾರ್ಟ್ ಮಾಡಬೇಡಿ. ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ಲೈಟುಗಳು ಒಟ್ಟಿಗೆ ಹತ್ತಿಕೊಳ್ಳಬೇಕು. ಎಂಜಿನ್ ಲೈಟ್, ಆಯಿಲ್ ಲೈಟ್, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಏರ್‌ಬ್ಯಾಗ್ ಎಲ್ಲವೂ. ಜನ ಹೊತ್ತಿಕೊಂಡೇ ಇರುವ ಲೈಟಿಗೆ ಹೆದರುತ್ತಾರೆ. ನನಗೆ ಜಾಸ್ತಿ ಭಯ ಹತ್ತದೇ ಇರುವ ಲೈಟಿನದು. ಕೀ ಆನ್ ಮಾಡಿದಾಗ ಏರ್‌ಬ್ಯಾಗ್ ಲೈಟ್ ಒಂದು ಕ್ಷಣವೂ ಮಿನುಗದಿದ್ದರೆ, ತೊಂದರೆ ಮುಚ್ಚಿಡಲು ಯಾರೋ ಅದನ್ನು ಕಿತ್ತಿರಲೂಬಹುದು. ಅಂಥದ್ದು ಕಂಡರೆ ಉಳಿದದ್ದೆಲ್ಲ ಬಿಟ್ಟು ಮೊದಲು ಅದನ್ನು ತೋರಿಸಿ.

ಆಮೇಲೆ ಸ್ಟೀರಿಯೋ. ನನ್ನ ಈಗಿನ ಕಾರಿನ ನ್ಯಾವಿಗೇಶನ್ ತೆರೆದಾಗ ಹಿಂದಿನವರ ಮನೆ, ಆಫೀಸು, ಮಗುವಿನ ಸ್ಕೂಲು ಎಲ್ಲ ಸಾಲಾಗಿ ಕೂತಿದ್ದವು. ಬ್ಲೂಟೂತ್‌ನಲ್ಲಿ ಅವರ ಫೋನಿನ ಜೊತೆ ಇಡೀ ಕಾಂಟ್ಯಾಕ್ಟ್ ಪಟ್ಟಿಯೂ ಇತ್ತು. ಸೆಟ್ಟಿಂಗ್ಸ್‌ಗೆ ಹೋಗಿ ಫ್ಯಾಕ್ಟರಿ ರೀಸೆಟ್ ಮಾಡಿಬಿಡಿ. ಅದು ಅವರಿಗೂ ಒಳ್ಳೆಯದು, ನಿಮಗೂ ಒಳ್ಳೆಯದು. ಫೋನ್ ಆ್ಯಪ್‌ನಿಂದ ಲಾಕ್ ತೆಗೆಯುವ, ಕಾರು ಎಲ್ಲಿದೆ ಅಂತ ತೋರಿಸುವ ಸೌಲಭ್ಯ ಇದ್ದರೆ ರೀಸೆಟ್ ಮಾಡಿದರೂ ಸಾಕಾಗದೇ ಹೋಗಬಹುದು. ಆ ಖಾತೆಯಿಂದ ಹಿಂದಿನವರು ಕಾರನ್ನು ತೆಗೆದುಹಾಕಬೇಕು, ಇಲ್ಲವೇ ಕಂಪನಿಯವರಿಗೆ ಕಾಗದ ತೋರಿಸಿ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಹಾಗೇ ಬಿಟ್ಟರೆ ನಿಮ್ಮ ಕಾರು ಎಲ್ಲಿ ನಿಂತಿದೆ ಅಂತ ಅವರು ಮನೆಯಲ್ಲಿ ಕೂತು ನೋಡಬಹುದು.

ಕೀ ಒಂದೇ ಸಿಕ್ಕಿದೆಯಾ? ಹಾಗಾದರೆ ಎರಡನೆಯದನ್ನು ಬೇಗ ಮಾಡಿಸಿ. ಒಂದು ಕೀ ಕೈಯಲ್ಲಿರುವಾಗ ಇನ್ನೊಂದು ಮಾಡಿಸುವುದು ಸುಲಭ. ಇರುವ ಒಂದೂ ಕಳೆದುಹೋದ ಮೇಲೆ ಅದೇ ಕೆಲಸ ದೊಡ್ಡ ತಲೆನೋವು. ಮಾಡಿಸುವಾಗ ಹಳೆಯ, ಲೆಕ್ಕಕ್ಕೆ ಸಿಗದ ಕೀಗಳನ್ನು ಕಾರಿನ ನೆನಪಿನಿಂದ ಅಳಿಸಲು ಹೇಳಿ. ಇಮ್ಮೊಬಿಲೈಸರ್ (ಗುರುತಿಲ್ಲದ ಕೀಗೆ ಕಾರು ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಬಹಳಷ್ಟು ಕಾರುಗಳಲ್ಲಿ ಇದು ಆಗುತ್ತದೆ.

ಡಿಕ್ಕಿ ತೆರೆದು ಸ್ಟೆಪ್ನಿ, ಜಾಕ್, ವೀಲ್ ಸ್ಪ್ಯಾನರ್, ಕಾರು ಎಳೆಯುವ ಹುಕ್ ಇವೆಯಾ ನೋಡಿ. ಸ್ಟೆಪ್ನಿ ಕೊಡದ ಕಾರಾದರೆ ಪಂಕ್ಚರ್ ಕಿಟ್ ಇರಬೇಕು, ಅದರ ಡಬ್ಬಿಯ ಮೇಲಿನ ತಾರೀಖೂ ನೋಡಿ. ಅಲಾಯ್ ವೀಲ್ ಇದ್ದರೆ ಇನ್ನೊಂದು ವಿಷಯ. ಪ್ರತಿ ಚಕ್ರದಲ್ಲೂ ಒಂದು ನಟ್ಟು ಬೇರೆ ಥರ ಕಾಣುತ್ತಿದ್ದರೆ ಅದು ಕಳ್ಳರನ್ನು ತಡೆಯಲು ಹಾಕಿದ ಲಾಕ್ ನಟ್ಟು. ಅದನ್ನು ಬಿಚ್ಚೋಕೆ ಹೆಬ್ಬೆರಳಿನಷ್ಟು ಚಿಕ್ಕ ಸಾಕೆಟ್ ಬೇಕು. ಅದು ಗ್ಲವ್ ಬಾಕ್ಸಿನಲ್ಲೋ ಸ್ಟೆಪ್ನಿ ಗುಂಡಿಯಲ್ಲೋ ಇರುತ್ತದೆ. ಸಿಗದಿದ್ದರೆ ಮಾರಿದವರಿಗೆ ಇವತ್ತೇ ಫೋನ್ ಮಾಡಿ, ಅವರ ಮನೆ ಡ್ರಾಯರಿನಲ್ಲಿ ಬಿದ್ದಿರುತ್ತದೆ.

ಹಾಗೇ 17 ಅಕ್ಷರ ಅಂಕಿಗಳ ಚೇಸಿಸ್ ನಂಬರ್ ಕಾಗದದಲ್ಲಿ ಇರುವುದೂ ಕಾರಿನ ಮೇಲೆ ಇರುವುದೂ ಒಂದೇನಾ ಅಂತ ಹೋಲಿಸಿ. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಬರುವುದಿಲ್ಲ, ಒಂದು ಮತ್ತು ಸೊನ್ನೆ ಜೊತೆ ಗೊಂದಲ ಆಗಬಾರದು ಅಂತ. ಅದೇ ನಂಬರ್ ಕೊಟ್ಟು ಕಂಪನಿಯವರ ಹತ್ತಿರ ಬಾಕಿ ಇರುವ ರೀಕಾಲ್ (ತಯಾರಿಕೆಯ ದೋಷ ಸರಿಮಾಡಲು ಕಂಪನಿಯೇ ಕಾರನ್ನು ವಾಪಸ್ ಕರೆಯುವುದು) ಇದೆಯಾ ಕೇಳಿ. ರೀಕಾಲ್ ಕೆಲಸಕ್ಕೆ ಸಾಮಾನ್ಯವಾಗಿ ದುಡ್ಡು ತೆಗೆದುಕೊಳ್ಳುವುದಿಲ್ಲ, ಎರಡನೇ ಮಾಲೀಕರಿಗೂ ಅಷ್ಟೇ.

ರಾತ್ರಿ ಒಂದು ರಟ್ಟು

ನನಗೆ ಅತಿ ಇಷ್ಟದ ಪರೀಕ್ಷೆ ಇದು. ಫ್ರಿಜ್ಜೋ ವಾಷಿಂಗ್ ಮೆಷೀನೋ ಬಂದ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಬಿಡಿಸಿ, ಚಪ್ಪಟೆ ಮಾಡಿ, ಎಂಜಿನ್ ಕೆಳಗೆ ಹಾಸಿ. ಮುಂದಿನ ಎರಡು ಚಕ್ರ ಎಲ್ಲಿ ಬರುತ್ತವೆ ಅಂತ ಪೆನ್ನಿನಲ್ಲಿ ಗುರುತು ಮಾಡಿ. ಸ್ವಲ್ಪ ದೂರ ಓಡಿಸಿ ಬಂದ ಮೇಲೆ ಕಾರು ಅದರ ಮೇಲೇ ರಾತ್ರಿಯಿಡೀ ನಿಲ್ಲಲಿ.

ಬೆಳಿಗ್ಗೆ ರಟ್ಟು ಎಳೆದು ಬೆಳಕಿಗೆ ಹಿಡಿಯಿರಿ. ಬಣ್ಣವಿಲ್ಲದ, ವಾಸನೆಯಿಲ್ಲದ ನೀರಿನ ಕಲೆ ಎಸಿಯದು, ಅದು ಇರಲೇಬೇಕಾದದ್ದು. ಕಂದು ಅಥವಾ ಕಪ್ಪು ಹನಿ ಎಂಜಿನ್ ಆಯಿಲ್. ಕೆಂಪಗಿದ್ದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನದು ಅಥವಾ ಪವರ್ ಸ್ಟೀರಿಂಗಿನದು ಇರಬಹುದು. ಹಸಿರು, ಗುಲಾಬಿ ಅಥವಾ ನೀಲಿ ಬಣ್ಣ, ಸಿಹಿ ವಾಸನೆ ಇದ್ದರೆ ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ. ಅದು ವಿಷ, ನಾಲಿಗೆಗೆ ಮುಟ್ಟಿಸಿ ನೋಡುವ ಸಾಹಸ ಬೇಡ. ನಾಯಿ ಬೆಕ್ಕು ನೆಕ್ಕದ ಹಾಗೂ ನೋಡಿಕೊಳ್ಳಿ. ಚಕ್ರದ ಗುರುತಿನ ಹತ್ತಿರ ತಿಳಿ ಹಳದಿ ಬಣ್ಣದ ಜಾರುವ ಕಲೆ ಇದ್ದರೆ ಅದು ಬ್ರೇಕ್ ಆಯಿಲ್ ಇರಬಹುದು. ಆ ಕಾರನ್ನು ಅಲ್ಲಿಂದ ಓಡಿಸಬೇಡಿ, ಮೆಕ್ಯಾನಿಕ್ ಅಲ್ಲಿಗೇ ಬರಲಿ.

ಮಾರುವ ಮುಂಚೆ ಎಂಜಿನ್ ತೊಳೆದು ಫಳಫಳ ಮಾಡಿರುತ್ತಾರಲ್ಲ, ಅಂಥ ಕಾರಿಗೆ ಈ ರಟ್ಟು ಇನ್ನೂ ಮುಖ್ಯ. ಧೂಳು ಹಿಡಿದ ಎಂಜಿನ್ನಿನಲ್ಲಿ ಸೋರಿಕೆ ತಾನೇ ಗೆರೆ ಬರೆದು ತೋರಿಸುತ್ತದೆ. ತೊಳೆದ ಎಂಜಿನ್ನಿನಲ್ಲಿ ಕೆಲವು ದಿನ ಕಾಯಬೇಕು.

ರಟ್ಟು ತೆಗೆದ ಬೆಳಿಗ್ಗೆಯೇ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಸ್ಟಾರ್ಟ್ ಮಾಡಿ ಹೊಗೆ ನೋಡಿ. ಇನ್ನೊಬ್ಬರು ಕೀ ತಿರುಗಿಸಲಿ, ನೀವು ಸೈಲೆನ್ಸರ್ ಹತ್ತಿರ ನಿಲ್ಲಿ. ಚಳಿಯಲ್ಲಿ ಬೆಳ್ಳಗೆ ಆವಿ ಬಂದು ಕರಗಿದರೆ ಏನೂ ಇಲ್ಲ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಸುಡುತ್ತಿರಬಹುದು. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ಪೆಟ್ರೋಲ್ ಕಾರಿನಲ್ಲಿ ಕಪ್ಪು ಹೊಗೆ ಅಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ.

ಬಾನೆಟ್ ಕೆಳಗೆ

ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿ, ನೋಡುವಾಗ ಕಾರು ಸಮತಟ್ಟಾದ ಜಾಗದಲ್ಲಿರಲಿ. ಎಂಜಿನ್ ನಿಲ್ಲಿಸಿ ಕೆಲವು ನಿಮಿಷ ಬಿಡಿ. ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಪೂರ್ತಿ ಒಳಗೆ ಹಾಕಿ ತೆಗೆದು ನೋಡಿ. ಎರಡು ಗುರುತುಗಳ ಮಧ್ಯೆ ಇರಬೇಕು. ಬಹಳಷ್ಟು ಕಾರುಗಳಲ್ಲಿ ಆ ಎರಡು ಗುರುತುಗಳ ಅಂತರ ಸುಮಾರು ಒಂದು ಲೀಟರ್. ಆದರೂ ಕಮ್ಮಿ ಇದ್ದರೆ ಒಂದೇ ಸಲ ಲೀಟರ್ ಸುರಿಯಬೇಡಿ. ಸ್ವಲ್ಪ ಹಾಕಿ, ನೋಡಿ, ಮತ್ತೆ ಹಾಕಿ. ಜಾಸ್ತಿ ಆದರೂ ಎಂಜಿನ್ನಿಗೆ ಕೆಟ್ಟದ್ದೇ.

ಆಯಿಲ್ ಹಾಕುವ ಮುಚ್ಚಳದ ಒಳಬದಿಯಲ್ಲಿ ತಿಳಿ ಕಂದು ಕೆನೆ ಅಂಟಿದ್ದರೆ ತಕ್ಷಣ ಗಾಬರಿ ಬೇಡ. ದಿನಾ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಕಾರಿನಲ್ಲಿ ತೇವ ಸೇರಿ ಹೀಗಾಗುವುದುಂಟು. ಆದರೆ ಡಿಪ್‌ಸ್ಟಿಕ್ಕಿನಲ್ಲೂ ಅದೇ ಕೆನೆ, ಜೊತೆಗೆ ಕೂಲೆಂಟ್ ಮಟ್ಟ ಇಳಿಯುತ್ತಿದೆ ಅಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗ, ಕೆಳಭಾಗದ ನಡುವೆ ಸೋರದಂತೆ ಹಾಕಿದ ಪದರ) ಮೇಲೆ ಅನುಮಾನ ಪಡಬೇಕು.

ನಾನಂತೂ ಕಾರು ತಂದ ಮೊದಲ ವಾರದಲ್ಲೇ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಬದಲಾಯಿಸಿಬಿಡುತ್ತೇನೆ. ಮ್ಯಾನ್ಯುಯಲ್‌ನಲ್ಲಿ ಯಾವ ಗ್ರೇಡ್ (ಆಯಿಲ್ ಎಷ್ಟು ದಪ್ಪ ಅಂತ ಹೇಳುವ ನಂಬರ್) ಹೇಳಿದ್ದಾರೋ ಅದೇ. 5ಡಬ್ಲ್ಯು-30 ಅಂದಿದ್ದರೆ 5ಡಬ್ಲ್ಯು-30. ಹಳೆ ಎಂಜಿನ್ನಿಗೆ ದಪ್ಪ ಆಯಿಲ್ ಒಳ್ಳೆಯದು ಅಂತ ಸಿಕ್ಕಸಿಕ್ಕವರು ಹೇಳುತ್ತಾರೆ, ಕೇಳಿ ಸುಮ್ಮನಿರಿ.

ಬ್ರೇಕ್ ಆಯಿಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇದನ್ನು ಯಾರೂ ಕೇಳುವುದೇ ಇಲ್ಲ. ಅದು ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತಲೇ ಇರುತ್ತದೆ. ಹೊಸ ಡಾಟ್ 4 (ಬ್ರೇಕ್ ಆಯಿಲ್ಲಿನ ಒಂದು ದರ್ಜೆ) ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅನ್ನುವುದು ಮಾನದಂಡ. ಶೇ 3.7ರಷ್ಟು ನೀರು ಸೇರಿದ ಮೇಲೆ ಅದೇ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಾ ಬಂದರೆ ಆಯಿಲ್ ಕುದ್ದು ಗುಳ್ಳೆ ಏಳಬಹುದು. ಗುಳ್ಳೆ ಎದ್ದರೆ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನುವ ಕಂಪನಿಗಳು ಬಹಳ. ಬಿಲ್ ಇಲ್ಲವಾ, ಈಗಲೇ ಬದಲಾಯಿಸಿ. ಡಾಟ್ 5 ಅನ್ನುವುದು ಸಿಲಿಕೋನ್, ಅದನ್ನು ಡಾಟ್ 3 ಅಥವಾ 4ರ ಜೊತೆ ಬೆರೆಸಬಾರದು.

ಕೂಲೆಂಟ್ ಬಣ್ಣ ನೋಡಿ ತರಬೇಡಿ. ಬಣ್ಣಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ನಿಯಮ ಇಲ್ಲ. ಮ್ಯಾನ್ಯುಯಲ್‌ನಲ್ಲಿರುವ ಹೆಸರು ನೋಡಿ. ಎಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲೇಬೇಡಿ.

ಇನ್ನು ಟೈಮಿಂಗ್ ಬೆಲ್ಟ್, ಅಂದರೆ ಪಿಸ್ಟನ್ನು, ವಾಲ್ವುಗಳ ಚಲನೆ ಒಂದಕ್ಕೊಂದು ಹೊಂದಿಕೊಂಡಿರುವ ಹಾಗೆ ನೋಡಿಕೊಳ್ಳುವ ಬೆಲ್ಟ್. ನಿಮ್ಮ ಎಂಜಿನ್ನಿಗೆ ಇರುವುದು ಚೈನೋ ಬೆಲ್ಟೋ ಅಂತ ಮೊದಲು ತಿಳಿದುಕೊಳ್ಳಿ. ಬೆಲ್ಟ್ ಆದರೆ ಇಷ್ಟು ಕಿಲೋಮೀಟರ್ ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಅದು ಅಂತ ಲೆಕ್ಕ ಕೊಟ್ಟಿರುತ್ತಾರೆ. ಜನ ಕಿಲೋಮೀಟರ್ ನೋಡುತ್ತಾರೆ, ವರ್ಷ ಮರೆಯುತ್ತಾರೆ. ಕಮ್ಮಿ ಓಡಿದ ಹಳೆ ಕಾರಿನಲ್ಲೂ ಬೆಲ್ಟ್ ಮುಪ್ಪಾಗುತ್ತದೆ. ಎಷ್ಟೋ ಎಂಜಿನ್ನುಗಳಲ್ಲಿ ಅದು ತುಂಡಾದ ಕ್ಷಣ ಪಿಸ್ಟನ್ನುಗಳು ವಾಲ್ವಿಗೆ ಬಡಿದು ಎಂಜಿನ್ ಕೆಲಸವೇ ದೊಡ್ಡದಾಗಿ ಬರುತ್ತದೆ. ಬದಲಾಯಿಸಿದ್ದಕ್ಕೆ ಪುರಾವೆ ಇಲ್ಲದಿದ್ದರೆ ನಾನು ಎರಡನೇ ಯೋಚನೆ ಮಾಡುವುದಿಲ್ಲ. ವಾಟರ್ ಪಂಪ್ ಅದೇ ಬೆಲ್ಟಿನಿಂದ ತಿರುಗುವಂಥದ್ದಾದರೆ ಜೊತೆಗೇ ಹಾಕಿಸುತ್ತೇನೆ. ಬಿಚ್ಚುವ ಕೂಲಿ ಒಂದೇ ತಾನೇ?

ಬ್ಯಾಟರಿಗೆ ಒಂದು ಮಲ್ಟಿಮೀಟರ್ ಸಾಕು. ರಾತ್ರಿಯೆಲ್ಲ ನಿಂತ ಕಾರಿನಲ್ಲಿ 12.6 ವೋಲ್ಟ್ ಹತ್ತಿರ ಇದ್ದರೆ ಪೂರ್ತಿ ಚಾರ್ಜ್ ಇದೆ. 12.2 ಅಂದರೆ ಅರ್ಧ. ಎಂಜಿನ್ ಓಡುವಾಗ ಸಾಮಾನ್ಯವಾಗಿ 14ರ ಆಸುಪಾಸು ತೋರಿಸಬೇಕು, ಅಷ್ಟು ಬರದಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ತೋರಿಸಿ.

ಟೈರ್

ಟೈರಿನ ಪಕ್ಕದಲ್ಲಿ ಡಾಟ್ ಎಂದು ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಹೊರಗಿನ ಬದಿಯಲ್ಲಿ ಕಾಣದಿದ್ದರೆ ಒಳಬದಿಯಲ್ಲಿರುತ್ತದೆ, ಮೊಬೈಲ್ ಕ್ಯಾಮೆರಾ ಒಳಗೆ ಹಿಡಿದು ಫೋಟೋ ತೆಗೆಯಿರಿ. ಐದೂ ಟೈರ್ ನೋಡಿ, ಸ್ಟೆಪ್ನಿ ಬಿಡಬೇಡಿ. ಹಳೆ ಕಾರುಗಳ ಸ್ಟೆಪ್ನಿ ಎಷ್ಟೋ ಸಲ ಕಾರಿನಷ್ಟೇ ಹಳೆಯದು. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ತೋರಿಸಬೇಕು, ಹತ್ತು ವರ್ಷ ಆದರೆ ಗೆರೆಗಳು ಎಷ್ಟೇ ಚೆನ್ನಾಗಿದ್ದರೂ ತೆಗೆದುಹಾಕಬೇಕು ಅನ್ನುವುದು ದೊಡ್ಡ ಟೈರ್ ಕಂಪನಿಗಳ ಸಲಹೆ. ಟೈರಿನ ಗೆರೆಗಳ ಮಧ್ಯೆ ಅಡ್ಡಡ್ಡ ಚಿಕ್ಕ ದಿಬ್ಬಗಳಿರುತ್ತವೆ. ಸವೆದು ಅದರ ಮಟ್ಟಕ್ಕೆ ಬಂದರೆ ಉಳಿದಿರುವುದು 1.6 ಮಿಲಿಮೀಟರ್ ಅಷ್ಟೇ.

ಸವೆತ ಎಲ್ಲಾಗಿದೆ ಅನ್ನುವುದೂ ಕಥೆ ಹೇಳುತ್ತದೆ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ, ತಪ್ಪಿದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಮ್ಮಿ ಇಟ್ಟು ಓಡಿಸಿದ್ದಾರೆ. ನಡುವೆ ಸವೆದಿದ್ದರೆ ಗಾಳಿ ಜಾಸ್ತಿ. ಎಷ್ಟು ಗಾಳಿ ಅನ್ನುವುದು ಡ್ರೈವರ್ ಬಾಗಿಲು ತೆರೆದರೆ ಕಾಣುವ ಸ್ಟಿಕ್ಕರಿನಲ್ಲಿ ಇರುತ್ತದೆ. ಟೈರ್ ಮೇಲೆ ಬರೆದದ್ದು ಗರಿಷ್ಠ ಮಿತಿ, ಅಷ್ಟು ತುಂಬಿಸಬೇಕು ಅಂತಲ್ಲ. ಟೈರ್ ತಣ್ಣಗಿರುವಾಗಲೇ ಗಾಳಿ ನೋಡಬೇಕು.

ಗ್ಲವ್ ಬಾಕ್ಸಿನ ಹಿಂದೆ

ಎಸಿ ಹಾಕಿದರೆ ಮುಗ್ಗಲು ವಾಸನೆ ಬರುತ್ತದಾ? ಪರಿಮಳದ ಬಾಟಲಿ ತರುವ ಮುಂಚೆ ಕ್ಯಾಬಿನ್ ಫಿಲ್ಟರ್ ನೋಡಿ. ಬಹಳಷ್ಟು ಕಾರುಗಳಲ್ಲಿ ಗ್ಲವ್ ಬಾಕ್ಸ್ ಹಿಂದೆ ಇರುತ್ತದೆ. ಬಾಕ್ಸಿನ ಎರಡು ಪಕ್ಕ ಒಳಕ್ಕೆ ಒತ್ತಿದರೆ ಅದು ಪೂರ್ತಿ ಕೆಳಗೆ ಜೋತುಬೀಳುತ್ತದೆ, ಹಿಂದೆ ಉದ್ದನೆಯ ಮುಚ್ಚಳ ಕಾಣುತ್ತದೆ. ಗೆಳತಿಯ ಕಾರಿನಲ್ಲಿ ಅದನ್ನು ಎಳೆದಾಗ ಮೊದಲು ಬಿದ್ದದ್ದು ಒಣಗಿದ ಎಲೆ, ಆಮೇಲೆ ಒಂದು ಹಿಡಿ ಹತ್ತಿಯಂಥ ಬೂದು ಬಣ್ಣದ ಉಂಡೆ. ಇಲಿ ಗೂಡು. ಫಿಲ್ಟರಿನ ಒಂದು ಮೂಲೆಯನ್ನು ಅದು ಕಡಿದು ಹಾಸಿಗೆ ಮಾಡಿಕೊಂಡಿತ್ತು. ಇಷ್ಟು ದಿನ ಆ ಗಾಳಿಯನ್ನೇ ಕುಡಿದೆವಲ್ಲಾ ಅಂತ ಅವಳು ಮುಖ ಕಿವುಚಿದಳು. ನಾನು ಮಾತ್ರ ತಕ್ಷಣ ಬಾನೆಟ್ ಎತ್ತಿ ವೈರುಗಳನ್ನು ನೋಡಿದೆ. ಇಲಿ ಫಿಲ್ಟರಿಗೆ ನಿಲ್ಲುವ ಪ್ರಾಣಿ ಅಲ್ಲ.

ಹೊಸ ಫಿಲ್ಟರ್ ಹಾಕುವಾಗ ಅದರ ಮೇಲಿನ ಬಾಣದ ಗುರುತು ಗಾಳಿ ಹೋಗುವ ದಿಕ್ಕಿಗೆ ಇರಲಿ. ಕಾರ್ಪೆಟ್ ಒದ್ದೆ ಇದ್ದರೆ ಎಸಿ ನೀರು ಹೊರಹೋಗುವ ಪೈಪು ಕಟ್ಟಿಕೊಂಡಿರಬಹುದು. ಸನ್‌ರೂಫ್ ಇದ್ದರೆ ಅದರ ಮೂಲೆಗಳ ಪೈಪುಗಳನ್ನೂ ನೋಡಿ.

ಸ್ಕ್ಯಾನರ್ ಹಾಕಿ ನೋಡಿ

ಸ್ಟೀರಿಂಗ್ ಕೆಳಗೆ ಎಲ್ಲೋ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ, ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಜೋಡಿಸುವ ಒಬಿಡಿ ಪೋರ್ಟ್. ಅಮೆರಿಕದಲ್ಲಿ 1996ರಿಂದ, ಯುರೋಪಿನ ಪೆಟ್ರೋಲ್ ಕಾರುಗಳಲ್ಲಿ 2001ರಿಂದ ಇದು ಕಡ್ಡಾಯ. ಚಿಕ್ಕ ಬ್ಲೂಟೂತ್ ಸ್ಕ್ಯಾನರ್ ಚುಚ್ಚಿದರೆ ಕಾರು ಬರೆದಿಟ್ಟ ದೋಷದ ಕೋಡುಗಳನ್ನು ಫೋನಿನಲ್ಲೇ ಓದಬಹುದು. ಪಿ0300 ಬಂದರೆ ಮಿಸ್‌ಫೈರ್, ಅಂದರೆ ಎಂಜಿನ್ನಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಪಿ0420 ಬಂದರೆ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ. ಕೋಡ್ ನೋಡಿ ಸಾಮಾನು ತರೋಕೆ ಓಡಬೇಡಿ. ಕೋಡ್ ಹೇಳುವುದು ಎಲ್ಲಿ ಹುಡುಕಬೇಕು ಅಂತ ಮಾತ್ರ.

ನಾನು ಕೋಡಿಗಿಂತ ಮೊದಲು ನೋಡುವುದು ರೆಡಿನೆಸ್ ಅನ್ನುವ ಪುಟ. ಕಾರು ತನ್ನನ್ನು ತಾನೇ ಮಾಡಿಕೊಳ್ಳುವ ಪರೀಕ್ಷೆಗಳು ಮುಗಿದಿವೆಯಾ ಅಂತ ಅಲ್ಲಿರುತ್ತದೆ. ಸುಮಾರು ಎಲ್ಲವೂ ಮುಗಿದಿಲ್ಲ ಅಂತ ಬಂದರೆ, ಇತ್ತೀಚೆಗೆ ಬ್ಯಾಟರಿ ಬಿಚ್ಚಿದ್ದಾರೆ ಅಥವಾ ಯಾರೋ ಕೋಡುಗಳನ್ನು ಅಳಿಸಿದ್ದಾರೆ. ಕೆಲವು ದಿನ ಓಡಿಸಿ ಮತ್ತೆ ನೋಡಿ. ತೊಂದರೆ ಸರಿಮಾಡದೇ ಕೋಡ್ ಅಳಿಸಿದ್ದರೆ ಎಂಜಿನ್ ಲೈಟ್ ಮರಳಿ ಬರುವ ಸಾಧ್ಯತೆ ಹೆಚ್ಚು.

ಕೈಗೆ ಹೊಂದಿಸಿಕೊಳ್ಳುವುದು

ಇದಕ್ಕೆ ಸಮಯ ಬೇಕು, ಆತುರ ಬೇಡ. ಬೆನ್ನನ್ನು ಸೀಟಿಗೆ ಪೂರ್ತಿ ಒರಗಿಸಿ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ಮೇಲ್ತುದಿಗೆ ತಾಗಬೇಕು. ಎದೆ ಮತ್ತು ಸ್ಟೀರಿಂಗ್ ನಡುವೆ ಕನಿಷ್ಠ 25 ಸೆಂಟಿಮೀಟರ್ ಇರಲಿ, ಏರ್‌ಬ್ಯಾಗಿಗೆ ಅಷ್ಟು ಜಾಗ ಬೇಕು. ಪಕ್ಕದ ಕನ್ನಡಿಗಳಲ್ಲಿ ನಿಮ್ಮ ಕಾರೇ ಅರ್ಧ ಕಾಣುವ ಹಾಗೆ ಇಟ್ಟುಕೊಂಡರೆ ಏನು ಪ್ರಯೋಜನ? ತಲೆಯನ್ನು ಕಿಟಕಿ ಕಡೆ ವಾಲಿಸಿ, ಕಾರಿನ ಅಂಚು ಆಗಷ್ಟೇ ಕಾಣುವ ಹಾಗೆ ಕನ್ನಡಿ ಹೊರಗೆ ತಿರುಗಿಸಿ. ಇನ್ನೊಂದು ಬದಿಗೆ ಕಾರಿನ ನಡುವಿಗೆ ವಾಲಿ ಹಾಗೇ ಮಾಡಿ. ಶುರುವಿಗೆ ವಿಚಿತ್ರ ಅನ್ನಿಸುತ್ತದೆ, ಆದರೆ ಪಕ್ಕದ ಗಾಡಿ ಮರೆಯಾಗುವ ಜಾಗ ತುಂಬಾ ಚಿಕ್ಕದಾಗುತ್ತದೆ.

ಖಾಲಿ ಜಾಗದಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದಾಗ, ನಿಧಾನ ವೇಗದಿಂದ ಒಮ್ಮೆ ಬ್ರೇಕನ್ನು ಪೂರ್ತಿ ಒತ್ತಿ ನೋಡಿ. ಎಬಿಎಸ್ ಕೆಲಸ ಮಾಡಿದಾಗ ಪೆಡಲ್ ಕಾಲಿನಡಿ ಟಕಟಕ ಅನ್ನುತ್ತದೆ. ಆ ಸದ್ದು ಮೊದಲ ಸಲ ಕೇಳುವುದು ಅಪಾಯದ ಹೊತ್ತಿನಲ್ಲಿ ಆಗಬಾರದು, ಆಗ ಗಾಬರಿಯಲ್ಲಿ ಕಾಲು ತೆಗೆದುಬಿಡುತ್ತೀರಿ. ಅಲ್ಲೇ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತು ಹಾಕಿ. ಕಟ್ ಕಟ್ ಅಂದರೆ ಚಕ್ರ ತಿರುಗಿಸುವ ಡ್ರೈವ್ ಶಾಫ್ಟಿನ ಸಿವಿ ಜಾಯಿಂಟ್ ಸವೆದಿರಬಹುದು. ಆಮೇಲೆ ಉದ್ದನೆಯ ಗೋಡೆಯ ಪಕ್ಕ, ಸ್ಟೀರಿಯೋ ಆಫ್ ಮಾಡಿ, ಕಿಟಕಿ ಇಳಿಸಿ ಹೋಗಿ. ಚಕ್ರದ ಸದ್ದನ್ನು ಗೋಡೆ ವಾಪಸ್ ಕಿವಿಗೆ ಕಳಿಸುತ್ತದೆ. ವೇಗದ ಜೊತೆ ಏರುವ ಗುಂಯ್ ಸದ್ದು ತಿರುವಿನಲ್ಲಿ ಬದಲಾದರೆ ವೀಲ್ ಬೇರಿಂಗ್ ಮೇಲೆ ಅನುಮಾನ ಇಡಿ.

ಪೆಟ್ರೋಲ್ ಮುಚ್ಚಳ ಯಾವ ಬದಿಗಿದೆ ಅಂತ ಇಳಿದು ನೋಡಬೇಕಿಲ್ಲ. ಎಷ್ಟೋ ಕಾರುಗಳಲ್ಲಿ ಮೀಟರಿನ ಪಂಪ್ ಚಿತ್ರದ ಪಕ್ಕದಲ್ಲೇ ಚಿಕ್ಕ ಬಾಣ ಇರುತ್ತದೆ.

ಸಿಕ್ಕ ಕೆಲಸಗಳನ್ನೆಲ್ಲ ಒಟ್ಟಿಗೆ ಮಾಡಿಸಬೇಡಿ. ನಿಲ್ಲಿಸುವುದಕ್ಕೂ ತಿರುಗಿಸುವುದಕ್ಕೂ ಸಂಬಂಧಪಟ್ಟದ್ದು ಇವತ್ತು. ಎಂಜಿನ್ ಹಾಳುಮಾಡುವಂಥದ್ದು ಈ ತಿಂಗಳು. ಬಾಗಿಲ ಕಿರಿಕಿರಿ, ಗೀರು, ಕುಂಟುವ ಪವರ್ ವಿಂಡೋ ಎಲ್ಲ ಆಮೇಲೆ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಕಿಲೋಮೀಟರ್, ಮಾಡಿಸಿದ ಕೆಲಸ ಬರೆಯುತ್ತಾ ಹೋಗಿ, ಬಿಲ್ಲಿನ ಫೋಟೋ ಇಡಿ. ಚಕ್ರ ಬಿಚ್ಚಿ ಹಾಕಿದ್ದರೆ ನೂರು ಕಿಲೋಮೀಟರ್ ಒಳಗೆ ನಟ್ಟು ಮತ್ತೊಮ್ಮೆ ಬಿಗಿ ನೋಡಿಸಿ. ಹೊಸ ಆಯಿಲ್ ಹಾಕಿದ ದಿನ ಡಿಪ್‌ಸ್ಟಿಕ್ ಮಟ್ಟದ ಫೋಟೋ ತೆಗೆದಿಟ್ಟು, ಸಾವಿರ ಕಿಲೋಮೀಟರ್ ಆದ ಮೇಲೆ ಅದೇ ಜಾಗದಲ್ಲಿ ನಿಲ್ಲಿಸಿ ಹೋಲಿಸಿ. ಚೂರು ಇಳಿದಿದ್ದರೆ ತುಂಬಿಸಿ ಓಡಿಸಿ. ಕೆಳಗಿನ ಗುರುತಿಗೇ ಬಂದಿದ್ದರೆ ದೂರದ ಪ್ರಯಾಣ ಮುಂದಕ್ಕೆ ಹಾಕಿ, ಆಯಿಲ್ ಎಲ್ಲಿ ಹೋಗುತ್ತಿದೆ ಅಂತ ಮೆಕ್ಯಾನಿಕ್ ಹತ್ತಿರ ನೋಡಿಸಿ.